ಒಂದೂ ಕಲೆಯಿಲ್ಲದ ಬೇಸಿನ್

ನಾನು ಒಂದು ಸಂಡಾಸಿನ ಬೇಸಿನ್. ನೆಲಮಟ್ಟದಲ್ಲಿ ಕೂರಿಸುವ, ಕುಕ್ಕರುಗಾಲಲ್ಲಿ ಬಳಸುವ ಬಿಳಿ ಪಿಂಗಾಣಿ ಬೇಸಿನ್. ಇದೇ ಅಚ್ಚಿನಿಂದ ನನಗಿಂತ ಮೊದಲು ಹಲವರು ಹುಟ್ಟಿದ್ದರು. ಒಬ್ಬರ ಅಂಚು ಗೂಡಿನ ಬೆಂಕಿಗೆ ಸೊಟ್ಟಗಾಗಿತ್ತು, ಇನ್ನೊಬ್ಬರ ಮೈಮೇಲೆ ಸೂಜಿಮೊನೆಯಷ್ಟು ರಂಧ್ರವಿತ್ತು. ಅವರನ್ನೆಲ್ಲ ಕಾರ್ಖಾನೆಯ ಹಿಂದಕ್ಕೆ ಒಯ್ದು ಸುತ್ತಿಗೆಯಿಂದ ಒಡೆದರು. ಗೂಡಿನಿಂದ ಹೊರಬಂದ ನಾನು ಮೊದಲು ಕೇಳಿದ್ದು ಆ ಸದ್ದನ್ನು.

ನನ್ನನ್ನು ರೂಪಿಸಿದವಳು ಮೇಧಾ. ರಸಾಯನಶಾಸ್ತ್ರ ಓದಿ, ಖಾನಾಪುರದ ಕಡೆಯ ಆ ಪಿಂಗಾಣಿ ಕಾರ್ಖಾನೆಗೆ ಸೇರಿದ್ದಳು. ಸಾಮಾನ್ಯ ಬೇಸಿನ್ನಿನ ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ಆ ಮಡಿಕೆಯ ಕೆಳಗೆ ಬ್ರಶ್ ಹೋಗುವುದಿಲ್ಲ, ಕಣ್ಣೂ ಹೋಗುವುದಿಲ್ಲ. ಮೇಧಾ ಅಲ್ಲಿಗೆ ಪುಟ್ಟ ಕನ್ನಡಿ ಹಿಡಿದು ನೋಡಿದ್ದಳು. ಆಮೇಲೆ ಅವಳಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಅದಕ್ಕೇ ನನಗೆ ಮಡಿಕೆ ಇಲ್ಲ. ಮೂಲೆ ಇಲ್ಲ. ಪಾದ ಇಡುವ ಜಾಗವೂ ನನ್ನ ಮೈಗೇ ಸೇರಿದ್ದು, ನಡುವೆ ಸಂದಿಲ್ಲ. ಎಡಗಾಲಿನ ಪೆಡಲ್ ಒತ್ತಿದರೆ ಸಣ್ಣಗೆ ನೀರು ಚಿಮ್ಮಿ ಕೂತವರ ಮೈ ತೊಳೆಯುತ್ತದೆ. ಬಲಗಾಲಿನದನ್ನು ಒತ್ತಿದರೆ ನನ್ನ ಮೈ ತೊಳೆಯುತ್ತದೆ. ಕೈಗೆ ಕೆಲಸವೇ ಇಲ್ಲ.

ಮೇಧಾ ಅರಿಶಿನ ಬೆರೆಸಿದ ಹಿಟ್ಟನ್ನು ನನ್ನ ಮೈಗೆ ಮೆತ್ತಿ, ಒಣಗಲು ಬಿಟ್ಟು, ಒಂದೇ ಸಲ ನೀರು ಹರಿಸಿ, ದೀಪ ಹಿಡಿದು ಹುಡುಕುತ್ತಿದ್ದಳು. ಹಳದಿ ಕಂಡರೆ ಅವಳ ಮುಖ ಸಣ್ಣದಾಗುತ್ತಿತ್ತು. ಕೊನೆಗೊಂದು ದಿನ ಏನೂ ಕಾಣಲಿಲ್ಲ. "ಏನೂ ಉಳಿದಿಲ್ಲ," ಎಂದು ಮೆಲ್ಲಗೆ ಹೇಳಿ ನನ್ನನ್ನು ಬರಿಗೈಯಲ್ಲಿ ಸವರಿದಳು. ಮಗುವನ್ನು ಸವರುವ ಹಾಗಿತ್ತು ಅದು.

ನನ್ನನ್ನು ಕಳಿಸಿದ್ದು ಹಾವೇರಿ ಜಿಲ್ಲೆಯ ಒಂದು ಮೆಣಸಿನಕಾಯಿ ಗೋದಾಮಿಗೆ. ಯಜಮಾನ ಚನ್ನವೀರ ಸಾವ್ಕಾರ. ಅವನ ಮೆಣಸಿನಕಾಯಿ ಹೊರದೇಶಕ್ಕೆ ಹೋಗುತ್ತಿತ್ತು. ಕೊಳ್ಳುವವರು ಸರಕು ನೋಡುವ ಮೊದಲು ಹೆಣ್ಣಾಳುಗಳ ಸಂಡಾಸು ಎಲ್ಲಿ ಎಂದು ಕೇಳತೊಡಗಿದ್ದರು. ಮೇಧಾಳಿಗೆ ತನ್ನ ಬೇಸಿನ್ ಪರೀಕ್ಷಿಸಲು ಒಂದು ಕಷ್ಟದ ಜಾಗ ಬೇಕಿತ್ತು. ಇಬ್ಬರಿಗೂ ಕೂಡಿಬಂತು.

ಕಷ್ಟದ ಜಾಗ ಯಾಕೆಂದರೆ, ಅಲ್ಲಿನ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಾರೆ. ಖಾರ ಬೆರಳಿನ ಚರ್ಮದೊಳಕ್ಕೆ ಇಳಿಯುತ್ತದೆ. ನೀರಿನಲ್ಲಿ ಅದು ಕರಗುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿದರೂ ಪೂರ್ತಿ ಬಿಡುವುದಿಲ್ಲ. ಆ ಕೈಯಲ್ಲಿ ಕಣ್ಣು ಮುಟ್ಟಿಕೊಳ್ಳುವಂತಿಲ್ಲ, ಮಗುವನ್ನು ಮುಟ್ಟುವಂತಿಲ್ಲ. ಮೂತ್ರಕ್ಕೆ ಹೋಗಿ ತೊಳೆದುಕೊಂಡರೆ ಕೆಂಡ ಇಟ್ಟಂತೆ. ಆದ್ದರಿಂದ ಅವರು ಹೋಗುತ್ತಲೇ ಇರಲಿಲ್ಲ. ನನ್ನ ಎಡಗಾಲಿನ ಪೆಡಲ್ ಇಂಥ ಕೈಗಳಿಗೆ ಹೇಳಿ ಮಾಡಿಸಿದಂತಿತ್ತು.

ನೆಲವನ್ನೂ ಮೇಧಾ ಮುಂದೆ ನಿಂತು ಹಾಕಿಸಿದಳು. ಕೊಳೆ ಕೂರುತ್ತದೆಂದು ಹೊಸ್ತಿಲು ಕಟ್ಟಿಸಲಿಲ್ಲ. ಬಾಗಿಲ ಹೊರಗಿನ ಕಲ್ಲಿನಿಂದಲೇ ನನ್ನ ಕಡೆಗೆ ಸಣ್ಣ ಇಳಿಜಾರು. ಎಲ್ಲಿ ಏನು ಚೆಲ್ಲಿದರೂ ತಾನಾಗಿ ನನ್ನೊಳಗೆ ಬರಬೇಕು. ಗಾಳಿಗೆಂದು ಬಾಗಿಲ ಕೆಳಗೆ ನಾಲ್ಕು ಬೆರಳು ಸಂದು ಬಿಟ್ಟಿದ್ದಳು. ಆ ಸಂದಿನಲ್ಲಿ ನನಗೆ ಹೊರಲೋಕ ಕಾಣುತ್ತಿತ್ತು. ಪಾದಗಳ ಲೋಕ.

ಮೊದಲು ಒಳಗೆ ಬಂದ ಪಾದ ಫಕ್ಕೀರವ್ವನದು. ಒಡೆದ ಹಿಮ್ಮಡಿ, ಸೀಳುಗಳ ತುಂಬ ಕೆಂಪು ಪುಡಿ, ಸಡಿಲವಾಗಿದ್ದಕ್ಕೆ ದಾರ ಸುತ್ತಿದ ಕಾಲುಂಗುರ.

"ಯವ್ವಾ, ನಮ್ಮನ್ಯಾಗ ಉಣ್ಣೋ ತಾಟೂ ಇಷ್ಟ ಬೆಳ್ಳಗಿಲ್ಲ. ಇದರ ಮ್ಯಾಲ ಹೆಂಗ ಕುಂದ್ರೂದ?"

"ಕುಂದ್ರಬ್ಯಾಡ, ಎರಡ ಹೂವಾ ಏರ್ಸಿ ಕೈ ಮುಗದ ಬಾ," ಎಂದು ಹೊರಗಿನಿಂದ ಯಾರೋ ಕೂಗಿದರು. ನಗೆಯೋ ನಗೆ.

ಫಕ್ಕೀರವ್ವ ಪೆಡಲ್ ಒತ್ತಿದಳು. ನೀರು ಚಿಮ್ಮಿತು. "ಉರೀಲಿಲ್ಲ," ಎಂದು ತನಗೆ ತಾನೇ ಹೇಳಿಕೊಂಡಳು. ಹೊರಗೆ ಹೋಗಿ ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದಳು, "ಉರಿಯಂಗಿಲ್ಲ, ಹೋಗಿ ಬರ್ರಬೇ!"

ಆರು ತಿಂಗಳಿಗೆ ಬಂದು ಒಂದೂ ಕಲೆಯಿಲ್ಲವೆಂದು ಖಚಿತವಾದರೆ ಇಂಥ ಸಾವಿರ ಬೇಸಿನ್ ಮಾಡಿಸುತ್ತೇನೆಂದು ಹೇಳಿ ಮೇಧಾ ಹೊರಟುಹೋದಳು. ಸಾವ್ಕಾರ ಆ ಮಾತಿನಲ್ಲಿ ಕಲೆಯನ್ನಷ್ಟೇ ನೆನಪಿಟ್ಟುಕೊಂಡ.

ವಾರದೊಳಗೆ ಅವನು ಬಂದು ನೋಡಿದ. ನೆಲದ ಮೇಲೆ, ನನ್ನ ಮೇಲಿನ ಪಾದ ಇಡುವ ಜಾಗದಲ್ಲಿ, ಕೆಂಪು ಹೆಜ್ಜೆಗಳಿದ್ದವು.

"ಏನವಾ ಇದು, ಹೊಸಾ ಸೊಸೀನ್ನ ಮನಿ ತುಂಬಿಸ್ಕೊಂಡಂಗ ಮಾಡೀರಿ! ಫಾರಿನ್ ಮಂದಿ ಬಂದ್ರ ಏನಂದಾರು? ಆ ಮೇಡಮ್ಮಾರು ಬಂದ್ರ ಏನಂದಾರು? ದ್ಯಾಮವ್ವಾ, ಬೀಗಾ ಹಾಕು. ಅವರ ಬಂದು ನೋಡಿ ಹೋಗೂತನಾ ಒಬ್ಬಾಕಿ ಕಾಲಿಡಬಾರ್ದು."

ಒಂದು ಕೊಡ ನೀರು ಸಾಕಿತ್ತು. ನಾನು ಹುಟ್ಟಿದ್ದೇ ಸುಲಭವಾಗಿ ತೊಳೆಯಲಿಕ್ಕೆ. ಆದರೆ ಬೀಗ ಅದಕ್ಕಿಂತ ಸುಲಭ.

ದ್ಯಾಮವ್ವ ಹೆಣ್ಣಾಳುಗಳ ಮೇಲ್ವಿಚಾರಕಿ. ಕೀಲಿಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ವಾರಕ್ಕೊಮ್ಮೆ ಬೀಗ ತೆಗೆದು ಧೂಳು ಒರೆಸಿ ಹೋಗುತ್ತಿದ್ದಳು. ತಾನೂ ಒಮ್ಮೆಯೂ ನನ್ನನ್ನು ಬಳಸಲಿಲ್ಲ. ಹೊತ್ತು ಹುಟ್ಟುವ ಮೊದಲು ಅವಳ ಪಾದಗಳೂ ಗೋಡೆಯಾಚೆಯ ಜಾಲಿಗಿಡಗಳ ಕಡೆಗೇ ಹೋಗುತ್ತಿದ್ದವು.

ಒಂದು ಮಧ್ಯಾಹ್ನ ದಾರ ಸುತ್ತಿದ ಕಾಲುಂಗುರ ಬಾಗಿಲ ಸಂದಿನಲ್ಲಿ ಕಂಡಿತು. ಎರಡು ಪಾದಗಳೂ ಒಂದರ ಮೇಲೊಂದು ಒತ್ತಿಕೊಂಡಿದ್ದವು.

"ದ್ಯಾಮಕ್ಕಾ, ಒಂದ ಸಲ ತಗೀಬೇ. ತಡ್ಯಾಕ ಆಗವಲ್ದು."

"ಜಾಲಿಗಿಡದ ಕಡೆ ಹೋಗು."

"ಹಮಾಲರು ಬೀಡಿ ಸೇದ್ಕೋಂತ ಅಲ್ಲೇ ಕುಂತಾರ. ಹೆಂಗ ಹೋಗ್ಲಿ?"

"ಹಂಗಾರ ತಡ್ಕೋ. ನಾ ತಡ್ಕೊಳ್ಳಂಗಿಲ್ಲೇನು? ನೀ ಏನ ಸಾವ್ಕಾರ್ತಿ ಹೊಟ್ಟ್ಯಾಗ ಹುಟ್ಟೀಯೇನು? ಮುಂಜಾನೆ ತಂಬಿಗಿಗಟ್ಟಲೆ ನೀರ ಕುಡದ್ರ ಹಿಂಗ ಆಕ್ಕೈತಿ. ಕುಡೀಬ್ಯಾಡ."

ಫಕ್ಕೀರವ್ವ ನೀರು ಕುಡಿಯುವುದನ್ನು ಬಿಟ್ಟಳು. ಮೆಣಸಿನಕಾಯಿಯ ಘಾಟಿನ ನಡುವೆ, ಬೇಸಿಗೆಯಲ್ಲಿ, ಒಣ ಬಾಯಿಯಲ್ಲಿ ತೊಟ್ಟು ಮುರಿದಳು. ಚಳಿಜ್ವರ ಬಂತು. ಮೂತ್ರದಲ್ಲಿ ರಕ್ತ ಕಂಡಿತು. ದವಾಖಾನೆಗೆ ಹೋಗಿಬಂದವಳು ನನ್ನ ಬಾಗಿಲ ಮುಂದಿನ ನೆರಳಲ್ಲಿ ಕೂತು ಗೆಳತಿಯರಿಗೆ ಹೇಳಿದ್ದು ನನಗೆ ಕೇಳಿಸಿತು.

"ಕಿಡ್ನಿಗೆ ಬಂದೈತಂತ. ನೀರ ಭಾಳ ಕುಡೀರಿ, ತಡ್ಕೋಬ್ಯಾಡ್ರಿ ಅಂದಾನ."

"ಆ ಡಾಕ್ಟರ್ ಒಂದಿನ ಇಲ್ಲಿ ಬಂದು ತೊಟ್ಟು ಮುರೀಲಿ, ಆಮ್ಯಾಲ ಹೇಳ್ಲಿ," ಎಂದಳು ಒಬ್ಬಳು. ಮತ್ತೆ ನಗೆ. ಈ ಸಲ ಫಕ್ಕೀರವ್ವ ಅದರಲ್ಲಿ ಸೇರಲಿಲ್ಲ.

"ಇದನ್ನ ಕೂಡ್ರಿಸಿದ ಅಕ್ಕಾರು ಬರ್ತಾರಲ್ಲ," ಎಂದಳು. "ಅವರಿಗೆ ಈ ಬೀಗದ ಸುದ್ದಿ ಗೊತ್ತಿಲ್ಲ. ಬಂದ್ರ ಹೇಳ್ತೀನಿ. ಅಲ್ಲೀತನಾ ಹೆಂಗರ ತಡೀತೀನಿ."

ಅವಳು ತಡೆದಳು. ಮಳೆಗಾಲ ಕಳೆಯಿತು. ಬಾಗಿಲ ಮುಂದೆ ಹಾಯುವಾಗ ಆ ಪಾದಗಳು ಮೊದಲಿಗಿಂತ ಊದಿಕೊಂಡಿದ್ದವು. ದಾರ ಬಿಚ್ಚಿದರೂ ಕಾಲುಂಗುರ ಬಿಗಿಯಾಗಿಯೇ ಇತ್ತು.

ಮೇಧಾ ಬರುವ ದಿನ ಬಂತು. ದ್ಯಾಮವ್ವ ಬೆಳಗ್ಗೆಯೇ ಎಲ್ಲರಿಗೂ ಕೇಳುವಂತೆ ಹೇಳಿದ್ದಳು, "ಬಾಯಿ ಬಿಟ್ಟಾಕಿ ನಾಳಿಂದ ಬರೂದು ಬ್ಯಾಡ. ಸಾವ್ಕಾರ್ರ ಮಾತದು, ನಂದಲ್ಲ."

ಬೀಗ ತೆಗೆದರು. ಮೇಧಾ ದೀಪ, ಪುಟ್ಟ ಕನ್ನಡಿ, ಗಾಜಿನ ನಳಿಕೆಯಲ್ಲಿ ಹತ್ತಿ ಸುತ್ತಿದ ಕಡ್ಡಿಗಳನ್ನು ತಂದಿದ್ದಳು. ಮೊಣಕಾಲೂರಿ ನನ್ನ ಮೈಯ ಇಂಚಿಂಚನ್ನೂ ನೋಡಿದಳು. ಅವಳ ಉಸಿರು ಬಿಸಿಯಾಗಿ ನನಗೆ ತಾಗುತ್ತಿತ್ತು.

"ದಿನಾ ಬಳಸ್ತಾರಲ್ವಾ?" ಎಂದಳು ಸಾವ್ಕಾರನಿಗೆ.

"ಎಲ್ಲಾರೂ ರೀ. ಇಂಥಾದ್ದು ಇದ್ರ ಯಾರ ಬಿಡ್ತಾರ?"

ಪೆಡಲ್‌ಗಳಿಗೆ ಬಳಿದ ಕಪ್ಪು ಬಣ್ಣ ಸವೆದಿರಲಿಲ್ಲ. ಮೇಧಾ ಅದನ್ನೂ ನೋಡಿದಳು. ನಾನು ಅವಳನ್ನೇ ನೋಡುತ್ತಿದ್ದೆ. ಇಷ್ಟು ಸೂಕ್ಷ್ಮವಾಗಿ ನೋಡುವವಳಿಗೆ ಈಗ ತಿಳಿಯುತ್ತದೆ ಎಂದುಕೊಂಡೆ. "ಬಣ್ಣ ಕೂಡ ಹೋಗಿಲ್ಲ!" ಎಂದು ಸಂತೋಷಪಟ್ಟಳು.

ಬಾಗಿಲಲ್ಲಿ ಊದಿದ ಪಾದಗಳು ಬಂದು ನಿಂತವು. ಪಕ್ಕದಲ್ಲೇ ದ್ಯಾಮವ್ವನ ಪಾದಗಳು. ಹೇಳಬೇಕೆಂದು ಕಾದಿಟ್ಟುಕೊಂಡಿದ್ದ ಮಾತನ್ನು ಫಕ್ಕೀರವ್ವ ಹೇಳಲಿಲ್ಲ. ಬೇರೆಯೇ ಕೇಳಿದಳು.

"ಅಕ್ಕಾರ, ಒಂದ ಸಲ ಒಳಗ ಹೋಗಿ ಬರ್ಲೇನ್ರಿ?"

"ಅಯ್ಯೋ, ಈಗ ಬೇಡಮ್ಮ. ಮೊದಲನೇ ಸ್ಯಾಂಪಲ್ ಈಗ ತಾನೇ ತಗೊಂಡಿದೀನಿ. ಒಂದು ಗಂಟೆ ಬಿಟ್ಟು ಇನ್ನೊಂದು ತಗೋಬೇಕು. ಅಲ್ಲಿವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಆಮೇಲೆ ಹೋಗುವಿರಂತೆ, ಆಯ್ತಾ?" ಮೇಧಾ ನಗುತ್ತಲೇ ಹೇಳಿದಳು. ಆಮೇಲೆ ದ್ಯಾಮವ್ವನ ಕಡೆ ತಿರುಗಿ, "ಬೀಗ ಇದ್ದರೆ ಹಾಕಿಬಿಡಿ," ಎಂದಳು.

ಬೀಗ ಇತ್ತು.

ಸಾವ್ಕಾರ ಅವಳನ್ನು ಚಹಾಕ್ಕೆ ಕರೆದೊಯ್ದ. ಗಿರಮಿಟ್ಟು, ಮಿರ್ಚಿಭಜಿ ತರಿಸಿದ್ದ. ಅವಳ ನಗು ಅಲ್ಲಿಯವರೆಗೂ ಕೇಳುತ್ತಿತ್ತು. ಫಕ್ಕೀರವ್ವನ ಪಾದಗಳು ಬಾಗಿಲು ಬಿಟ್ಟು ಕದಲಲಿಲ್ಲ. ಲಾರಿಯ ಹತ್ತಿರ ಹಮಾಲರು ಚೀಲ ಎತ್ತುತ್ತಿದ್ದರು. ಪಾದಗಳು ಒಂದನ್ನೊಂದು ಒತ್ತಿದವು, ಬೆರಳುಗಳು ಕಲ್ಲನ್ನು ಹಿಡಿದವು. ಆಮೇಲೆ ಮೊಣಕಾಲು ಕಂಡಿತು, ಅಂಗೈ ಕಂಡಿತು, ಕಲ್ಲಿಗೆ ಒತ್ತಿಕೊಂಡ ಕೆನ್ನೆ ಕಂಡಿತು. ಅವಳ ಕಣ್ಣು ತೆರೆದೇ ಇತ್ತು. ಸಂದಿನಿಂದ ನನ್ನನ್ನು ನೋಡುತ್ತಿತ್ತು.

ಅವಳು ತಡೆದುಕೊಂಡಿದ್ದು ಬಾಗಿಲ ಕೆಳಗಿನಿಂದ ಒಂದು ಗೆರೆಯಾಗಿ ಒಳಗೆ ಬಂತು. ಹೊಸ್ತಿಲು ಇರಲಿಲ್ಲ, ತಡೆಯುವವರಿರಲಿಲ್ಲ. ಮೇಧಾ ಲೆಕ್ಕ ಹಾಕಿದ್ದ ಇಳಿಜಾರಿನಲ್ಲಿ ಅದು ಎಲ್ಲೂ ನಿಲ್ಲದೆ, ಎಲ್ಲೂ ಹರಡದೆ, ನನ್ನೊಳಗೆ ಇಳಿಯಿತು. ಬೆಚ್ಚಗಿತ್ತು. ಕೆಂಪಗಿತ್ತು.

ಬೀಗ ಬಿದ್ದ ಮೇಲೆ ಅಷ್ಟು ತಿಂಗಳಲ್ಲಿ ನನಗೆ ಸಿಕ್ಕ ಕೆಲಸ ಅದೊಂದೇ.

ಹಮಾಲನೊಬ್ಬ ನಕ್ಕ. ದ್ಯಾಮವ್ವ ಓಡಿಬಂದು, "ಎದ್ದೇಳ, ಹಾಳಾದಾಕಿ, ಇವತ್ತ ಬೇಕಿತ್ತೇನು ನಿನಗ? ಅವರ ಬರೂ ಹೊತ್ತಾತು, ಏಳ," ಎಂದು ಅವಳನ್ನು ಎಳೆದು ಗೋಡೆಗೆ ಒರಗಿಸಿದಳು. ಬೀಗ ತೆಗೆದು ಒಳಬಂದು ಒಂದು ಕೊಡ ನೀರು ಸುರಿದಳು. ಬಲಗಾಲಿನ ಪೆಡಲನ್ನು ಒಮ್ಮೆ ಒತ್ತಿದಳು. ಒಮ್ಮೆ ಸಾಕಾಯಿತು.

ಮೇಧಾ ಬಂದು ಫಕ್ಕೀರವ್ವನನ್ನು ನೋಡಿದಳು. "ಇದೇನು, ಸೀರೆಯೆಲ್ಲ ಒದ್ದೆ?"

"ನೀರ ಚೆಲ್ತ್ರಿ, ಅಕ್ಕಾರ."

"ನೆಲ ತೊಳೆದಿದ್ದೀರಾ? ಪರವಾಗಿಲ್ಲ, ಬೇಗ ತಗೊಂಡುಬಿಡ್ತೀನಿ." ಎರಡನೆಯ ಕಡ್ಡಿಯನ್ನು ನನ್ನ ಮೈಗೆ ಉಜ್ಜಿ ನಳಿಕೆಗೆ ಹಾಕಿ ಬಿರಡೆ ಮುಚ್ಚಿದಳು. ದೀಪ ಹಿಡಿದು ಮತ್ತೆ ನೋಡಿದಳು. ಏನೂ ಇರಲಿಲ್ಲ. "ಮುಗೀತಮ್ಮ, ಈಗ ಹೋಗಬಹುದು."

"ಇನ್ನ ಬ್ಯಾಡ್ರಿ," ಎಂದಳು ಫಕ್ಕೀರವ್ವ.

ಆ ಪಾದಗಳನ್ನು ನಾನು ಮತ್ತೆ ನೋಡಲಿಲ್ಲ. ಅವಳನ್ನು ಹುಬ್ಬಳ್ಳಿಗೆ ಒಯ್ದರೆಂದು ಒಮ್ಮೆ ಕೇಳಿಸಿತು. ಸಂಕ್ರಾಂತಿ ಕಳೆದ ಮೇಲೆ ದ್ಯಾಮವ್ವ ಧೂಳು ಒರೆಸುತ್ತ ಯಾರಿಗೋ ಹೇಳುತ್ತಿದ್ದಳು, "ಫಕ್ಕೀರಿ ಹೋದ್ಲಂತವಾ. ನೀರ ಕುಡೀಬ್ಯಾಡ ಅಂತ ಎಷ್ಟ ಹೇಳಿದ್ದೆ." ಒರೆಸುವ ಕೈ ನಡುವೆ ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಒರೆಸಿತು.

ಪರೀಕ್ಷೆಯ ಫಲ ತುಂಬ ಚೆನ್ನಾಗಿ ಬಂತು. ನನ್ನಂಥ ಸಾವಿರ ಬೇಸಿನ್ನುಗಳು ತಯಾರಾದವು. ಮೇಧಾಳಿಗೆ ಪ್ರಶಸ್ತಿ ಬಂತು. ನನ್ನನ್ನು ಜೋಪಾನವಾಗಿ ಕಿತ್ತು ಕಾರ್ಖಾನೆಗೆ ವಾಪಸು ತಂದರು. ಗೋದಾಮಿನಲ್ಲಿ ನನ್ನ ಜಾಗಕ್ಕೆ ನನ್ನ ತಂಗಿಯೊಬ್ಬಳನ್ನು ಕೂರಿಸಿದರು. ಬೀಗ ಮಾತ್ರ ಹಳೆಯದೇ.

ಈಗ ನಾನು ಕಾರ್ಖಾನೆಯ ಪ್ರದರ್ಶನದ ಕೋಣೆಯಲ್ಲಿದ್ದೇನೆ. ಬಾಗಿಲು, ಇಳಿಜಾರಿನ ನೆಲ, ನಾಲ್ಕು ಬೆರಳಿನ ಸಂದು, ಎಲ್ಲ ಇದ್ದ ಹಾಗೇ ಕಟ್ಟಿದ್ದಾರೆ. ಮೇಲೊಂದು ಫಲಕ: ಆರು ತಿಂಗಳ ಬಳಕೆ, ಒಂದೂ ಕಲೆಯಿಲ್ಲ. ಮುಂದೆ ಹಗ್ಗ ಕಟ್ಟಿ, ಒಳಗೆ ಯಾರೂ ಹೋಗಬಾರದೆಂದು ಬರೆದಿದ್ದಾರೆ.

ನನಗೆ ವಯಸ್ಸಾಯಿತು. ಆದರೆ ಅದು ಕಾಣುವುದಿಲ್ಲ. ಮನುಷ್ಯರಿಗೆ ಮುದಿತನದಲ್ಲಿ ಸುಕ್ಕಾದರೂ ಬೀಳುತ್ತದೆ, ಗಾಯಗಳ ಗುರುತಾದರೂ ಇರುತ್ತದೆ. ನನ್ನ ಮೈಮೇಲೆ ಏನೂ ನಿಲ್ಲದಂತೆ ಮಾಡಿದ್ದಾರೆ. ನೋಡಿದ್ದನ್ನು ತೋರಿಸಲು ನನ್ನಲ್ಲಿ ಒಂದು ಗೀರೂ ಇಲ್ಲ.

ಆಗಾಗ ಕಾಲೇಜಿನ ಮಕ್ಕಳು ಬರುತ್ತಾರೆ. ಮೇಧಾಳ ಕೂದಲು ನರೆತಿದೆ. ಈಗಲೂ ಅವಳೇ ಬಂದು ತೋರಿಸುತ್ತಾಳೆ. ಹಗ್ಗ ಸರಿಸಿ, ಬಾಗಿಲು ಮುಚ್ಚಿ, ಹೊರಗಿನ ಕಲ್ಲಿನ ಮೇಲೆ ಒಂದು ಲೋಟ ಬಣ್ಣದ ನೀರು ಸುರಿಯುತ್ತಾಳೆ. ಬಿಳಿಯ ಮೇಲೆ ಚೆನ್ನಾಗಿ ಕಾಣಲೆಂದು ಕೆಂಪು ಬಣ್ಣ.

"ಎಲ್ಲಿ ಚೆಲ್ಲಿದರೂ ಹೇಗೆ ಒಳಗೆ ಹೋಗುತ್ತೆ ನೋಡಿ," ಎನ್ನುತ್ತಾಳೆ.

ಗೆರೆ ಬಾಗಿಲ ಕೆಳಗಿನಿಂದ ಬರುತ್ತದೆ. ಎಲ್ಲೂ ನಿಲ್ಲದೆ, ಎಲ್ಲೂ ಹರಡದೆ, ಅದೇ ದಾರಿಯಲ್ಲಿ. ತಣ್ಣಗಿರುತ್ತದೆ, ಅಷ್ಟೇ ವ್ಯತ್ಯಾಸ. ಮಕ್ಕಳು ಸಂದಿನಲ್ಲಿ ಬಗ್ಗಿ ನೋಡಿ ಚಪ್ಪಾಳೆ ತಟ್ಟುತ್ತಾರೆ. ಮೇಧಾ ಬಾಗಿಲು ತೆರೆದು ಒಳಬಂದು ಪೆಡಲನ್ನು ಒಮ್ಮೆ ಒತ್ತಿ, ದೀಪ ಹಿಡಿದು ಎಲ್ಲರಿಗೂ ತೋರಿಸುತ್ತಾಳೆ.

"ನೋಡಿದಿರಾ? ಏನೂ ಉಳಿದಿಲ್ಲ."