ಹದಿನೇಳು ಮೆಟ್ಟಿಲು

"ಇದು ನಮ್ಮ ವಿಭಾಗಕ್ಕೆ ಬರಲ್ಲಮ್ಮ. ಮೂರನೇ ಮಹಡಿಗೆ ಹೋಗಿ ಕೇಳಿ," ಎಂದಳು ಕಿನುಯೊ ಅಜ್ಜಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡುತ್ತ.

ಸಭಾಂಗಣ ಗೊಳ್ಳೆಂದಿತು. ಸರದಿ ಚೀಟಿ ಹಿಡಿದು ಎದುರಿಗೆ ನಿಂತಿದ್ದ ಮಿಹೊ ಮಾತ್ರ ನಗಲಿಲ್ಲ. ಪಟ್ಟಣ ಕಚೇರಿಯ ನೌಕರರನ್ನೂ ಊರಿನವರನ್ನೂ ಒಟ್ಟಿಗೆ ಕೂರಿಸಿ, ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯುವಂತೆ ಪಾಠ ಹೇಳುವ ತೊಯೊಕೊ ಟೀಚರ್, ಈ ದಿನ ಕುರ್ಚಿಗಳನ್ನೇ ಅದಲುಬದಲು ಮಾಡಿಸಿದ್ದರು. ಅಜ್ಜಿ ಗುಮಾಸ್ತೆಯಾಗಿದ್ದಳು, ಗುಮಾಸ್ತೆ ಮಿಹೊ ಅಹವಾಲು ತಂದವಳು. ಅವಳ ಕೈಗೆ ಕೊಟ್ಟಿದ್ದು ಅಜ್ಜಿಯದೇ ನಿಜವಾದ ಅರ್ಜಿ: ಬಸ್ ನಿಲ್ದಾಣಕ್ಕೆ ಇಳಿಯುವ ಹದಿನೇಳು ಮೆಟ್ಟಿಲಿಗೆ ಒಂದು ಕೈಕಂಬಿ ಬೇಕು.

"ನಾನು ಹೀಗೇ ಹೇಳಿದ್ನಾ, ಅಜ್ಜಿ?"

"ನೀನು ಇನ್ನೂ ಚೆಂದ ಹೇಳಿದ್ದೆ ಮಗಾ, ಎರಡು ಸಲ ಬಗ್ಗಿ ನಮಸ್ಕಾರ ಮಾಡಿ. ಮೇಲಿನವರೂ ಬಗ್ಗಿದ್ರು, ಕೆಳಗೆ ಕಳಿಸಿದ್ರು. ನನ್ನ ಮದುವೇಲೂ ಅಷ್ಟು ಜನ ನನಗೆ ಬಗ್ಗಿರಲಿಲ್ಲ!"

ಮತ್ತೆ ನಗು. ಅದು ಅಡಗಿದ ಮೇಲೆ ಅಜ್ಜಿ ಮೆಲ್ಲಗೆ ಹೇಳಿದಳು: "ನಮ್ಮವರು ಆಸ್ಪತ್ರೇಲಿ ಬಾಗಿಲು ನೋಡ್ತಾ ಮಲಗಿರ್ತಾರಂತೆ. ಬಸ್ ಹಿಡಿಯೋಣ ಅಂತ ಮೊದಲನೇ ಮೆಟ್ಟಿಲ ತನಕ ಹೋಗ್ತೀನಿ, ಕಾಲು ನಡುಗುತ್ತೆ, ವಾಪಸ್ ಬರ್ತೀನಿ. ಹಿತ್ತಲಲ್ಲಿ ಪರ್ಸಿಮನ್ ಹಣ್ಣು ಕೆಂಪಾಗ್ತಿದೆ. ಅವರಿಗೆ ಅದಂದ್ರೆ ಪ್ರಾಣ."

ತೊಯೊಕೊ ಟೀಚರ್ ಕರಿಹಲಗೆ ಒರೆಸುತ್ತ ನಿಂತರು.

ಮರುದಿನ ಮಿಹೊ ಅರ್ಜಿಯನ್ನು ಎದೆಗವಚಿಕೊಂಡು ತಾನೇ ಮಹಡಿ ಮಹಡಿ ಹತ್ತಿದಳು, ಇಳಿದಳು. ಎಲ್ಲೂ ಬಗ್ಗಲಿಲ್ಲ, ಸಹಿಯಾಗುವ ತನಕ ಮೇಜಿನ ಮುಂದೆ ನಿಂತೇ ಇದ್ದಳು. ಕೊನೆಗೆ ಉಳಿದದ್ದು ಅವಳದೇ ವಿಭಾಗದ ಎರಡು ಮುದ್ರೆ. ಕೆಲಸಕ್ಕೆ ಸೇರಿದ ದಿನವೇ ಮೇಲಧಿಕಾರಿ ಕುರಾತಾ ಕಲಿಸಿಕೊಟ್ಟಿದ್ದರು: ಕಿರಿಯರ ಮುದ್ರೆ ಎಡಕ್ಕೆ ತುಸು ವಾಲಿರಬೇಕು, ಎಡಪಕ್ಕದಲ್ಲಿ ಬೀಳುವ ಹಿರಿಯರ ಮುದ್ರೆಗೆ ತಲೆಬಾಗಿದ ಹಾಗೆ. ಮಿಹೊ ತನ್ನ ಮುದ್ರೆಗೆ ಕೆಂಪು ಮಸಿ ತಾಗಿಸಿ, ಬಲಕ್ಕೆ ವಾಲಿಸಿ ಒತ್ತಿದಳು. ಆ ಕಡೆ ಇದ್ದದ್ದು ಅಜ್ಜಿಯ ನಡುಗುವ ಅಕ್ಷರದ ಹೆಸರು.

"ಏನಮ್ಮಾ ಇದು, ಕುಡಿದು ಒತ್ತಿದ್ಯಾ?" ಎಂದರು ಕುರಾತಾ. ಮಿಹೊ ಅಜ್ಜಿಯ ಹೆಸರಿನ ಕೆಳಗೆ ಬೆರಳಿಟ್ಟು ನಿಂತಳು. ಅವರು ಹೆಸರನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಗೊಣಗುತ್ತಲೇ ತಮ್ಮದನ್ನೂ ಒತ್ತಿದರು.

ಶರತ್ಕಾಲ ಮುಗಿಯುತ್ತಿದ್ದ ಒಂದು ಬೆಳಗ್ಗೆ ಮಿಹೊ ಬಸ್ಸಿಳಿದು ಮೆಟ್ಟಿಲ ಬುಡಕ್ಕೆ ಬಂದಳು. ಹೊಸ ಕಂಬಿಯ ತುಂಬ ಇಬ್ಬನಿ ಕೂತಿತ್ತು. ಅದರ ನಡುವೆ ಮೇಲಿನಿಂದ ಕೆಳಗಿನವರೆಗೆ, ಎಲ್ಲೂ ತುಂಡಾಗದೆ, ಒಂದು ಅಂಗೈ ಒರೆಸಿಕೊಂಡು ಇಳಿದ ಗೆರೆ.