ಹೊಡೆದು ಹಾಕಿದ ಎಕ್ಸ್

"ಇವತ್ತು ಬೋರ್ಡಿಗೆ ಹೋಗೋ ಸರದಿ ಅನ್ನಕುಟ್ಟಿ ಚೇಚಿದು, ಟೀಚರೇ!" ಎಂದು ಆಟೋ ಓಡಿಸುವ ಶಾಜಿ ಕೂಗಿದಾಗ ಅನ್ನಕುಟ್ಟಿ ಕಡೆಯ ಬೆಂಚಿನ ಕೆಳಗೆ ಬಗ್ಗಿ, ಚಪ್ಪಲಿ ಹುಡುಕುವವಳಂತೆ ನಟಿಸುತ್ತಿದ್ದಳು.

ಯಾಕೆಂದರೆ ಟೀಚರು ಅವಳ ಸ್ವಂತ ಸೊಸೆ ಜಿನ್ಸಿ. ದೊಡ್ಡವರ ಈ ಭಾನುವಾರದ ಹತ್ತನೇ ಕ್ಲಾಸಿಗೆ ಲೆಕ್ಕ ಹೇಳುವ ಮೇಷ್ಟ್ರಿಗೆ ಜ್ವರ. ಬದಲಿಗೆ ಅವಳು ಬಂದಿದ್ದಳು. ಹಾಜರಿ ಕೂಗುವಾಗ ಅತ್ತೆಯ ಹೆಸರಿನ ಹತ್ತಿರ ಒಂದು ಕ್ಷಣ ನಿಂತು, ಗುರುತೇ ಇಲ್ಲದವಳಂತೆ ಮುಂದೆ ಹೋಗಿದ್ದಳು. ಇಂಥ ಕ್ಲಾಸು ತಮ್ಮೂರು ಪಾಲಾದಲ್ಲೇ ಇತ್ತು. ಯಾರ ಕಣ್ಣಿಗೂ ಬೀಳಬಾರದೆಂದೇ ಅನ್ನಕುಟ್ಟಿ ತಂಗಿಯ ಮನೆಯ ನೆಪ ಹೇಳಿ ಏಟ್ಟುಮಾನೂರಿನವರೆಗೆ ಬರುತ್ತಿದ್ದಳು.

ಅನ್ನಕುಟ್ಟಿಯ ಮದುವೆಯ ಮಾತುಕತೆಯಲ್ಲಿ ಅವಳಪ್ಪ "ಹುಡುಗಿ ಹತ್ತು ಪಾಸು" ಎಂದುಬಿಟ್ಟಿದ್ದ. ಲೆಕ್ಕದಲ್ಲಿ ಡುಮ್ಕಿ ಹೊಡೆದದ್ದನ್ನು ನುಂಗಿಕೊಂಡಿದ್ದ. ಸರಿ, ಅದು ಅಪ್ಪನ ಸುಳ್ಳು. ಆದರೆ ಈ ಮಹಾತಾಯಿ ಅದನ್ನು ಸುಮ್ಮನೆ ಮಡಚಿಡಲಿಲ್ಲ, ಸೊಸೆಯ ಮೇಲೆ ಬೆತ್ತದಂತೆ ಬೀಸಿದಳು. "ನಮ್ಮ ಕಾಲದ ಹತ್ತು ಅಂದ್ರೆ ಹತ್ತು ಕಣೇ. ನೀನು ಎಮ್ಮೆಸ್ಸಿ ಮಾಡಿ ಏನು ಬಂತು, ಮೀನು ಸಾರಿಗೆ ಹುಳಿ ಎಷ್ಟು ಅಂತ ಗೊತ್ತಿಲ್ಲ!" ನೆಂಟರ ಎದುರಿಗೂ ಇದೇ ಮಾತು.

"ಬನ್ನಿ ಚೇಚಿ," ಎಂದಳು ಜಿನ್ಸಿ. ಮನೆಯಲ್ಲಿ ಅತ್ತೆಯನ್ನು ಅಮ್ಮಚ್ಚಿ ಎನ್ನುವ ಬಾಯಿ, ಇಲ್ಲಿ ಎಲ್ಲರಂತೆ ಬರೀ ಅಕ್ಕ ಅಂದಿತು.

ಬೋರ್ಡಿನ ಮೇಲೆ ಎಕ್ಸ್ ವರ್ಗ ಸಮ ಐದು ಎಕ್ಸ್. ಅನ್ನಕುಟ್ಟಿ ಆ ಕಡೆಯದೊಂದು, ಈ ಕಡೆಯದೊಂದು ಎಕ್ಸ್ ಹೊಡೆದು ಹಾಕಿ, ಎಕ್ಸ್ ಸಮ ಐದು ಎಂದು ಬರೆದು ಕೆಳಗೆ ಗೆರೆ ಎಳೆದಳು.

"ಐದು ಸರಿ. ಇನ್ನೊಂದು ಉತ್ತರ ಇದೆ."

"ಇನ್ನೆಲ್ಲಿ? ಎರಡೂ ಕಡೆ ಹೊಡೆದು ಹಾಕಿದೆನಲ್ಲ."

"ಹೊಡೆದು ಹಾಕಿದ್ರಲ್ಲೇ ಹೋಯ್ತು. ಆ ಎಕ್ಸ್ ಸೊನ್ನೆ ಆಗಿದ್ರೆ? ಸೊನ್ನೆ ಹಾಕಿ ನೋಡಿ, ಎರಡೂ ಕಡೆ ಸೊನ್ನೆನೇ ಬರುತ್ತೆ. ಸೊನ್ನೆಯಿಂದ ಭಾಗಿಸೋ ಹಾಗಿಲ್ಲ ಚೇಚಿ. ಎಲ್ಲ ಒಂದೇ ಕಡೆ ತಂದು, ಎಕ್ಸ್ ಹೊರಗೆ ತೆಗೀರಿ."

ಯಾರೋ ಕಿಸಕ್ಕೆಂದರು. ಅನ್ನಕುಟ್ಟಿಯ ಮೈಯೆಲ್ಲ ಬಿಸಿಯಾಗಿ, ಅಡುಗೆಮನೆಯ ನಾಲಿಗೆ ಹೊರಬಿತ್ತು:

"ಸಾಕು ಬಾಯಿ ಮುಚ್ಚೇ! ನಿನ್ನಂಥವಳ ಹತ್ರ ನಾನು ಕಲೀಬೇಕಾ?"



"ಏನ್ ಚೇಚಿ ಇದು," ಎಂದ ಶಾಜಿ, ಮೆಲ್ಲಗೆ. "ನಾನು ನನ್ನ ಆಟೋಗೂ ಹಂಗೆ ಬೈಯಲ್ಲ."

ಯಾರೂ ನಗಲಿಲ್ಲ. ಜಿನ್ಸಿಯ ಕಿವಿ ಕೆಂಪಗಾಗಿತ್ತು, ಮುಖದಲ್ಲಿ ಮಾತ್ರ ಆಶ್ಚರ್ಯವೇ ಇರಲಿಲ್ಲ. ಅಭ್ಯಾಸವಿದ್ದವಳಂತೆ ನಿಂತಿದ್ದಳು. ಅದನ್ನು ಇಡೀ ಕ್ಲಾಸು ನೋಡಿತು, ಅನ್ನಕುಟ್ಟಿಯೂ ನೋಡಿದಳು.

"ಪರವಾಗಿಲ್ಲ, ಕೂತ್ಕೊಳ್ಳಿ," ಎಂದು ಜಿನ್ಸಿ ಉಳಿದ ಸಾಲು ತಾನೇ ಬರೆದಳು.

ಬಸ್ ಸ್ಟಾಪಿನಲ್ಲಿ ಇಬ್ಬರೂ ದೂರದೂರ ನಿಂತರು. ಪಾಲಾ ಬಸ್ಸು ಬಂದಾಗ ಜಿನ್ಸಿ ಹತ್ತಿರ ಬಂದಳು.

"ಅಮ್ಮಚ್ಚಿ, ನೀವು ಇದ್ರಲ್ಲಿ ಹೋಗಿ. ನಾನು ಮುಂದಿನ ಬಸ್ಸಲ್ಲಿ ಬರ್ತೀನಿ. ಒಟ್ಟಿಗೆ ಇಳಿದ್ರೆ ಅಪ್ಪಚ್ಚನ್ ಕೇಳ್ತಾರೆ." ಅಪ್ಪಚ್ಚನ್ ಅಂದರೆ ಮಾವ, ಅನ್ನಕುಟ್ಟಿಯ ಗಂಡ. "ಮುಂದಿನ ವಾರವೂ ನಂದೇ ಕ್ಲಾಸು," ಎಂದು ಸೇರಿಸಿದಳು ಜಿನ್ಸಿ.

ಅನ್ನಕುಟ್ಟಿ ಬಸ್ಸಿನ ಮೆಟ್ಟಿಲು ಹತ್ತಿ ತಿರುಗಿದಳು. ಅಷ್ಟರಲ್ಲಿ ಕಂಡಕ್ಟರು ಬೆಲ್ಲು ಹೊಡೆದ.

ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತು ಅವಳು ಟಿಕೆಟ್ಟಿಗೆ ಎಡಗೈ ಚಾಚಿದಳು.

"ಯಾಕಮ್ಮಾ, ಬಲಗೈಗೆ ಏನಾಯ್ತು?" ಎಂದ ಕಂಡಕ್ಟರು.

ಬಲಗೈ ಸೆರಗಿನೊಳಗಿತ್ತು. ಬೆವರಿದ ಮುಷ್ಟಿಯಲ್ಲಿ ಬೋರ್ಡಿನ ಹತ್ತಿರ ಇಡಲು ಮರೆತ ಸೀಮೆಸುಣ್ಣದ ಚೂರು ಕರಗುತ್ತಿತ್ತು.