ತೊಟ್ಟಿಗಿಳಿದವಳು

ಗಾಜಿನ ನಳಿಗೆಯ ತುದಿಯಿಂದ ಒಂದು ಹನಿ ಜಾರಿ ಮಾವನ ಹೆಬ್ಬೆರಳಿಗೆ ಬಿತ್ತು, ನೆಕ್ಕಿಕೊಂಡರು ಮಗುವಿನ ಹಾಗೆ — ಈಗ ಪೀಪಾಯಿಯಿಂದ ಮತ್ತೆ ವೈನ್ ಎಳೆದು ಬೋನ್ ಪಟ್ಟಣದ ವ್ಯಾಪಾರಿ ಷಾಬ್ರಿಯೆಯ ಗ್ಲಾಸಿಗೆ ಬಿಡುತ್ತಿದ್ದಾರೆ, ನಾನು ನೆಲಮಾಳಿಗೆಯ ಕೊನೆಯ ಮೆಟ್ಟಿಲ ಮೇಲೆ ಚೀಸಿನ ತಟ್ಟೆ ಹಿಡಿದು ನಿಂತಿದ್ದೇನೆ, ಅಷ್ಟೇ ನನ್ನ ಗಡಿ, ಮದುವೆಯಾಗಿ ಬಂದ ಹೊಸದರಲ್ಲೇ ಮಾವ ಹೇಳಿದ್ದು, ನೋಡು ಓದೀಲ್, ತೋಟದಲ್ಲಿ ಎಲ್ಲಿ ಬೇಕಾದ್ರೂ ಓಡಾಡು, ವೈನ್ ಇರೋ ಕಡೆ ಮಾತ್ರ ಕಾಲಿಡಬೇಡ, ಹೆಂಗಸರ ಗಾಳಿ ಸೋಕಿದ್ರೆ ಹುಳಿಯಾಗುತ್ತೆ, ಅದರಲ್ಲೂ ಆ ದಿನಗಳಲ್ಲಿ. ತೋಟವಾದರೆ ಸರಿ. ಜನವರಿಯ ಕೊರೆಯುವ ಗಾಳಿಯಲ್ಲಿ ಬಳ್ಳಿ ಸವರುತ್ತ ಬೆರಳು ಸೆಟೆದುಕೊಂಡರೆ ಸರಿ, ನಮ್ಮೂರು ವೋಲ್ನೆಯ ಇಳಿಜಾರಿನಲ್ಲಿ ಸೊಂಟ ಬಗ್ಗಿಸಿ ದ್ರಾಕ್ಷಿ ಗೊಂಚಲು ಕೊಯ್ದರೆ ಸರಿ, ಬುಟ್ಟಿ ಹೊತ್ತರೆ ಸರಿ, ಅದೇ ಕೈ ತೊಟ್ಟಿಯ ಹತ್ತಿರ ಹೋದರೆ ವಿಷ. ಆಗಲಿ ಅಂತ ಸುಮ್ಮನಿದ್ದೆ, ಕಳೆದ ಸುಗ್ಗಿಯವರೆಗೆ — ಮಾವ ತಮ್ಮ ಅಕ್ಕನ ಮಣ್ಣಿಗೆಂದು ದಿಜೋನಿಗೆ ಹೋಗಿದ್ದರು, ನನ್ನ ಗಂಡ ಫಿರ್ಮ್ಯಾಂ ಏಣಿಯಿಂದ ಬಿದ್ದು ಭುಜ ಮುರಿದುಕೊಂಡಿದ್ದ, ತೊಟ್ಟಿಗಿಳಿದು ದ್ರಾಕ್ಷಿ ತುಳಿಯುವವರಿಲ್ಲ, ಹುದುಗು ಬಂದ ರಸದ ಮೇಲೆ ಸಿಪ್ಪೆಯೆಲ್ಲ ಉಬ್ಬಿ ಬಂದು ದಪ್ಪ ರೊಟ್ಟಿಯ ಹಾಗೆ ಒಣಗುತ್ತಿತ್ತು, ಬಾಗಿಲಾಚೆ ನಿಂತವಳ ಮೂಗಿಗೇ ವಿನೆಗರಿನ ವಾಸನೆ ಬಡಿಯಿತು. ನಾನು ಇಳೀತೀನಿ ಅಂದೆ. ಹುಚ್ಚಾ ಮಾರಾಯ್ತಿ, ಇವತ್ತು ನೀನು ಮುಟ್ಟಾಗಿದೀಯಲ್ಲ, ಅಂದ ಫಿರ್ಮ್ಯಾಂ. ಹೌದು, ಹೊಟ್ಟೆ ಹಿಂಡ್ತಾ ಇದೆ, ಆದ್ರೂ ಇಳೀತೀನಿ, ನೀನು ಮೇಣದಬತ್ತಿ ಹಿಡ್ಕೋ, ಅದು ಆರಿದ್ರೆ ಗಾಳಿ ಕೆಟ್ಟಿದೆ ಅಂತ, ನನ್ನ ಎಳ್ಕೋ. ಒಂದೇ ಕೈಯಲ್ಲಿ ಹ್ಯಾಗೆ ಎಳೀಲೇ. ಜುಟ್ಟು ಹಿಡ್ಕೊಂಡು ಎಳಿ. ಲಂಗ ಎತ್ತಿ ಕಟ್ಟಿ ಇಳಿದೆ, ತೊಡೆಯವರೆಗೆ ಬಿಸಿ, ಅದರ ಕೆಳಗೆ ಹಿಮ್ಮಡಿಗೆ ತಣ್ಣನೆಯ ರಸ, ಬೀಜ ಪಾದಕ್ಕೆ ಒತ್ತುತ್ತ, ಉಸಿರು ಕಟ್ಟುತ್ತ, ಬತ್ತಿ ತಗ್ಗಿ ಮತ್ತೆ ಎದ್ದಿತು, ತುಳಿದೆ, ಸಂಜೆ ಮತ್ತೆ ತುಳಿದೆ, ಮರುದಿನವೂ, ಹೊಟ್ಟೆಯ ನೋವು ಆ ಬಿಸಿಗೆ ಕರಗಿಹೋಯಿತು. ಅಪ್ಪನಿಗೆ ಹೇಳಬೇಡ ಕಣೇ, ಮುರಿದ ಭುಜದಲ್ಲೇ ನಾನೇ ತುಳಿದೆ ಅಂತೀನಿ, ಅಂದ. ಹೇಳಲಿಲ್ಲ, ಇಡೀ ಚಳಿಗಾಲ ಬಾಯಿ ಬಿಗಿದಿದ್ದೆ. ಇಗೋ ಷಾಬ್ರಿಯೆ ಮೂಗನ್ನೇ ಗ್ಲಾಸಿನೊಳಗೆ ಇಟ್ಟಿದ್ದಾನೆ, ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸುತ್ತಿದ್ದಾನೆ, ಚೆರ್ರಿ, ನೆನೆದ ಮಣ್ಣು, ಆಮೇಲೆ ಗುಲಾಬಿ, ಗುಲಾಬಿ ಬಾಯಲ್ಲೇ ಉಳಿದುಬಿಡ್ತಲ್ಲ ಸ್ವಾಮಿ, ನಿಮ್ಮ ಮನೇಲಿ ಇಂಥದ್ದು ಯಾವತ್ತೂ ಕುಡಿದಿರಲಿಲ್ಲ, ತುಳಿದವರು ಯಾರು? ಮತ್ತಿನ್ಯಾರು, ನನ್ನ ಮಗ, ಅಂದರು ಮಾವ, ತಮ್ಮ ಗ್ಲಾಸಿನಿಂದ ಬಾಯಿತುಂಬ ತೆಗೆದುಕೊಂಡು. ಫಿರ್ಮ್ಯಾಂ ನೆಲ ನೋಡುತ್ತಿದ್ದಾನೆ, ನೋಡಲಿ, ನಾನು ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟೆ, ಇಳಿದೆ, ನೆಲದ ಜಲ್ಲಿ ಚರಚರ ಅಂದಿತು, ನಾನು ತುಳಿದದ್ದು ಮಾವ, ಅವತ್ತು ಮುಟ್ಟಾಗಿದ್ದೆ. ಮಾವನ ಎರಡೂ ಕೆನ್ನೆ ಉಬ್ಬಿವೆ, ಕಾಲ ಬಳಿ ರುಚಿ ನೋಡಿದ ವೈನ್ ಉಗುಳುವ ಬಕೆಟ್ಟು, ಉಗುಳಿ ಮಾವ, ನಿಮ್ಮ ಮಾತು ನಿಜವಾಗಿದ್ದರೆ ಉಗುಳಿ, ಕಣ್ಣು ಕೀಳುವುದಿಲ್ಲ ನಾನು — ಅವರು ಬಕೆಟ್ಟು ನೋಡಿದರು, ನನ್ನ ಪಾದ ನೋಡಿದರು, ಸುಕ್ಕುಗಟ್ಟಿದ ಆ ಗಂಟಲಲ್ಲಿ ಗಂಟು ಮೇಲೇರಿತು, ನಿಂತಿತು, ಇಳಿಯಿತು — ಇಳಿಯಿತು — ಆ ಗಂಟು ಇಳಿಯಿತು